ಲಿವರ್ ಉರಿಯೂತ: ಕೂಗುವ ಅಣುವಿಗಿಂತ ಕೇಳುವ ಕೋಶದ ಸ್ಥಿತಿ ಮುಖ್ಯ

ಪ್ರಶ್ನೆ: ನನ್ನ ಅಣ್ಣನಿಗೆ 52 ವರ್ಷ, ತೂಕ 82 ಕಿಲೊ. 6 ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಕುಡಿಯುವ ಅಭ್ಯಾಸ ಇಲ್ಲ. ಎರಡು ತಿಂಗಳ ಹಿಂದೆ ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ‘ಗ್ರೇಡ್ 2 ಫ್ಯಾಟಿ ಲಿವರ್’ ಎಂದು ಬಂತು. ಕಳೆದ ವಾರದ ರಕ್ತಪರೀಕ್ಷೆಯಲ್ಲಿ ಲಿವರ್ ಕಿಣ್ವಗಳಾದ ಎಎಲ್‌ಟಿ 70, ಎಎಸ್‌ಟಿ 48, ಪ್ಲೇಟ್‌ಲೆಟ್ 2.1 ಲಕ್ಷ. ಲಿವರ್ ಒಳಗೆ ಉರಿಯೂತ ಇರಬಹುದು ಎಂದರು ಡಾಕ್ಟರು. ಇದಕ್ಕೆ ಟಿಎನ್‌ಎಫ್, ಐಎಲ್-6 ಎಂಬ ಸಂಕೇತ ಅಣುಗಳು ಕಾರಣ ಎಂದು ಓದಿದೆ. ಅವುಗಳ ಪರೀಕ್ಷೆ ಮಾಡಿಸಬೇಕೆ? ಅವೇ ಕಾರಣವಾದರೆ ಅವನ್ನು ತಡೆಯುವ ಔಷಧವನ್ನೇ ಏಕೆ ಕೊಡುವುದಿಲ್ಲ? ಅರಿಶಿನ ಟಿಎನ್‌ಎಫ್ ತಗ್ಗಿಸುತ್ತದೆಂದು ಸ್ಕ್ಯಾನಿಂಗ್ ಆದಾಗಿನಿಂದ ಕರ್ಕ್ಯುಮಿನ್ ಕ್ಯಾಪ್ಸೂಲ್ ಕೊಡುತ್ತಿದ್ದೇವೆ. ಮುಂದುವರಿಸಬಹುದೆ?

ಉತ್ತರ: ಮೊದಲು ಎರಡು ಚಿಕ್ಕ ಉತ್ತರ ಹೇಳಿಬಿಡುತ್ತೇನೆ. ಟಿಎನ್‌ಎಫ್, ಐಎಲ್-6 ಪರೀಕ್ಷೆಗೆ ದುಡ್ಡು ಹಾಕಬೇಡಿ. ಕ್ಯಾಪ್ಸೂಲನ್ನು ಇವತ್ತೇ ನಿಲ್ಲಿಸಿ. ಸಾರಿಗೆ, ಪಲ್ಯಕ್ಕೆ ಹಾಕುವ ಅರಿಶಿನದ ತಂಟೆಗೆ ಹೋಗಬೇಕಿಲ್ಲ. ಏಕೆ ಎಂದು ತಿಳಿಯಬೇಕಾದರೆ ಲಿವರ್‌ನಲ್ಲಿ ಯಾರು ಕೂಗುತ್ತಾರೆ, ಯಾರು ಕೇಳಿಸಿಕೊಳ್ಳುತ್ತಾರೆ ಎಂದು ಸ್ವಲ್ಪ ಒಳಗೆ ಇಳಿದು ನೋಡಬೇಕು.

ಲಿವರ್‌ಗೆ ಬರುವ ರಕ್ತದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ನೇರವಾಗಿ ಕರುಳಿನಿಂದ, ಪೋರ್ಟಲ್ ರಕ್ತನಾಳದ ಮೂಲಕ ಬರುತ್ತದೆ. ಉಂಡ ಅನ್ನದ ಸಕ್ಕರೆಯ ಜೊತೆಗೆ ಕರುಳಿನ ಬ್ಯಾಕ್ಟೀರಿಯಾಗಳ ಹೊರಗೋಡೆಯ ಚೂರುಗಳೂ ಅಷ್ಟಿಷ್ಟು ಬರುತ್ತವೆ. ಇವುಗಳಲ್ಲಿ ಮುಖ್ಯವಾದದ್ದು ಲೈಪೋಪಾಲಿಸ್ಯಾಕರೈಡ್, ಎಲ್‌ಪಿಎಸ್ ಎನ್ನೋಣ. ಅದನ್ನು ಹಿಡಿಯಲು ಲಿವರ್‌ನ ಸಣ್ಣ ರಕ್ತದಾರಿಗಳ ಉದ್ದಕ್ಕೂ ಕುಪ್ಫರ್ ಕೋಶಗಳು ಕೂತಿವೆ. ದೇಹದಲ್ಲಿ ಒಂದೇ ಕಡೆ ನೆಲೆನಿಂತು ಕಸ ನುಂಗುವ ಕೋಶಗಳಲ್ಲಿ ಶೇ 80ರಿಂದ 90 ಇವೇ. ಆರೋಗ್ಯವಾಗಿದ್ದಾಗ ಇವು ಗಲಾಟೆ ಮಾಡದೆ ಎಲ್‌ಪಿಎಸ್ ನುಂಗುತ್ತವೆ, ಜೊತೆಗೆ ಐಎಲ್-10 ಎಂಬ ತಣ್ಣಗಾಗಿಸುವ ಅಣುವನ್ನು ಬಿಡುತ್ತವೆ. ದಿನವೂ ಬರುವ ಕಸಕ್ಕೆಲ್ಲ ಕಿರುಚುತ್ತ ಕೂತರೆ ಲಿವರ್ ಉಳಿಯುವುದಿಲ್ಲ.

ಕಸ ಜಾಸ್ತಿಯಾದಾಗ, ಅಥವಾ ಕುಪ್ಫರ್ ಕೋಶವೇ ಕೊಬ್ಬು, ಸಕ್ಕರೆಯಿಂದ ಕೆರಳಿದಾಗ ಕತೆ ಬದಲಾಗುತ್ತದೆ. ಕೋಶದ ಮೇಲ್ಮೈಯ ಟಿಎಲ್‌ಆರ್4 ಎಂಬ ಗ್ರಾಹಕಕ್ಕೆ, ಅಂದರೆ ಸಂಕೇತ ಹಿಡಿಯುವ ಪ್ರೋಟೀನಿಗೆ, ಎಲ್‌ಪಿಎಸ್ ಅಂಟಿಕೊಳ್ಳುತ್ತದೆ. (ಎಲ್‌ಪಿಎಸ್‌ಗೆ ಗ್ರಾಹಕ ಇದೇ ಎಂದು 1998ರಲ್ಲಿ ತೋರಿಸಿದ ಬ್ರೂಸ್ ಬಾಯ್ಟ್ಲರ್ 2011ರ ನೊಬೆಲ್ ಹಂಚಿಕೊಂಡರು.) ಒಳಗೆ ಐಕೆಕೆ ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ. ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನನ್ನು ಕಟ್ಟಿಹಾಕಿದ್ದ ಸರಪಳಿಯನ್ನು ಅದು ಗುರುತು ಹಾಕಿ ಒಡೆಸುತ್ತದೆ. ಬಿಡುಗಡೆಯಾದ ಎನ್‌ಎಫ್-ಕಪ್ಪಾ-ಬಿ ಕೋಶಕೇಂದ್ರಕ್ಕೆ ಹೋಗಿ ಟಿಎನ್‌ಎಫ್, ಐಎಲ್-1 ಬೀಟಾ, ಐಎಲ್-6 ಜೀನುಗಳನ್ನು ಚಾಲೂ ಮಾಡುತ್ತದೆ. ಇದೆಲ್ಲ ನಿಮಿಷಗಳ ಕೆಲಸ. ಆರೋಗ್ಯವಂತರಿಗೆ ಪ್ರಯೋಗಕ್ಕಾಗಿ ತೀರ ಸ್ವಲ್ಪ ಎಲ್‌ಪಿಎಸ್ ಕೊಟ್ಟು ನೋಡಿದಾಗ ರಕ್ತದಲ್ಲಿ ಟಿಎನ್‌ಎಫ್ ಒಂದೂವರೆ ಎರಡು ಗಂಟೆಯಲ್ಲಿ ತುದಿಗೇರಿ ಕೆಲವೇ ಗಂಟೆಗಳಲ್ಲಿ ಇಳಿದುಬಿಡುತ್ತದೆ.

ಪರೀಕ್ಷೆ ಬೇಡ ಎಂದದ್ದಕ್ಕೆ ಮೊದಲ ಕಾರಣ ಇದೇ. ಈ ಅಣುಗಳು ಪಕ್ಕದ ಕೋಶಕ್ಕೆ ಹೇಳುವ ಮಾತುಗಳು. ತೋಳಿನ ರಕ್ತನಾಳದಲ್ಲಿ ಬೆಳಿಗ್ಗೆ 8 ಗಂಟೆಗೆ ಸಿಗುವುದು ಅದರ ಮಸುಕು ಪ್ರತಿಧ್ವನಿ. ಎರಡನೆಯದು, ಅವು ಲಿವರ್‌ನಲ್ಲೇ ಹುಟ್ಟಿದವು ಎಂಬ ಖಾತ್ರಿ ಇಲ್ಲ. ಹೊಟ್ಟೆಯ ಬೊಜ್ಜಿನಲ್ಲೂ ಹುಟ್ಟುತ್ತವೆ, ಹುಳುಕು ಹಲ್ಲಿನ ವಸಡಿನಲ್ಲೂ ಹುಟ್ಟುತ್ತವೆ.

ಈಗ ಟಿಎನ್‌ಎಫ್ ಲಿವರ್ ಕೋಶವನ್ನು ಮುಟ್ಟಿದಾಗ ಏನಾಗುತ್ತದೆ ಎಂಬುದಕ್ಕೆ ಬರೋಣ. ಇಲ್ಲಿ ಬಹಳ ಜನ ಎಡವುತ್ತಾರೆ. ಟಿಎನ್‌ಎಫ್ ಬಂದರೆ ಕೋಶ ಸಾಯುತ್ತದೆ ಎಂದುಕೊಳ್ಳುತ್ತಾರೆ. ಆರೋಗ್ಯವಾದ ಲಿವರ್ ಕೋಶಕ್ಕೆ ಟಿಎನ್‌ಎಫ್ ಸುರಿದರೂ ಅದು ಸಾಯುವುದಿಲ್ಲ!

ಟಿಎನ್‌ಎಫ್ ಅಂಟಿದ ಕೂಡಲೇ ಗ್ರಾಹಕದ ಒಳತುದಿಯಲ್ಲಿ ಒಂದು ಪ್ರೋಟೀನ್ ಗುಂಪು ಸೇರುತ್ತದೆ. ಟ್ರಾಡ್, ರಿಪ್‌ಕೆ1, ಟ್ರಾಫ್2 ಅದರ ಸದಸ್ಯರು. ಈ ಮೊದಲ ಗುಂಪು ಕೊಡುವ ಆಜ್ಞೆ ‘ಬದುಕು’ ಎಂದೇ: ಎನ್‌ಎಫ್-ಕಪ್ಪಾ-ಬಿಯನ್ನು ಎಬ್ಬಿಸಿ ಸಿ-ಫ್ಲಿಪ್, ಎ20 ಮುಂತಾದ ಕಾವಲು ಪ್ರೋಟೀನುಗಳನ್ನು ಮಾಡಿಸುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಅದೇ ಗುಂಪಿನ ಕೆಲವರು ಪೊರೆಯಿಂದ ಕಳಚಿಕೊಂಡು ಕೋಶದ ಒಳಗೆ ಎರಡನೇ ಗುಂಪು ಕಟ್ಟುತ್ತಾರೆ. ಅದರಲ್ಲಿ ಕ್ಯಾಸ್ಪೇಸ್-8 ಎಂಬ ಕತ್ತರಿಸುವ ಕಿಣ್ವ ಇರುತ್ತದೆ. ಅದು ಬಿಚ್ಚಿಕೊಂಡರೆ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ತೂತಾಗಿ, ಕ್ಯಾಸ್ಪೇಸ್-3 ಎದ್ದು, ಕೋಶ ತನ್ನನ್ನು ತಾನೇ ಕತ್ತರಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಹಾಗಾಗುವುದಿಲ್ಲ, ಏಕೆಂದರೆ ಅಷ್ಟರಲ್ಲಿ ಸಿ-ಫ್ಲಿಪ್ ಬಂದು ಕ್ಯಾಸ್ಪೇಸ್-8ರ ಬಾಯಿಗೆ ಬೀಗ ಹಾಕಿರುತ್ತದೆ. ಆದರೆ ಸಿ-ಫ್ಲಿಪ್ ಬಾಳಿಕೆಯ ಪ್ರೋಟೀನ್ ಅಲ್ಲ. ಹೊಸದಾಗಿ ಮಾಡುತ್ತಲೇ ಇರಬೇಕು. ಆ ಉತ್ಪಾದನೆ ನಿಂತಿತೋ, ಮುಗಿಯಿತು.

ಇದನ್ನು ತೋರಿಸುವ ಹಳೆಯ ಪ್ರಯೋಗವೊಂದಿದೆ. ಗ್ಯಾಲಕ್ಟೋಸಮೈನ್ ಎಂಬ ರಾಸಾಯನಿಕ ಆರ್‌ಎನ್‌ಎ ಕಟ್ಟಲು ಬೇಕಾದ ಯುಟಿಪಿಯ ದಾಸ್ತಾನನ್ನು ಲಿವರ್ ಕೋಶದಲ್ಲಿ ಬರಿದು ಮಾಡಿ ಹೊಸ ಆರ್‌ಎನ್‌ಎ ಆಗದಂತೆ ತಡೆಯುತ್ತದೆ. 1979ರಲ್ಲಿ ಪ್ರಕಟವಾದ ಕೆಲಸದಲ್ಲಿ ಇಲಿಗಳಿಗೆ ಗ್ಯಾಲಕ್ಟೋಸಮೈನ್ ಜೊತೆ ಎಲ್‌ಪಿಎಸ್ ಕೊಟ್ಟಾಗ, ಸಾಯಲು ಬೇಕಾದ ಎಲ್‌ಪಿಎಸ್ ಪ್ರಮಾಣ ಸಾವಿರಾರು ಪಟ್ಟು ಇಳಿಯಿತು. ಕೂಗು ಹೆಚ್ಚಾಗಿರಲಿಲ್ಲ, ಕೇಳುವ ಕೋಶ ಕಾವಲು ಕಳೆದುಕೊಂಡಿತ್ತು. 1995ರಲ್ಲಿ ಎನ್‌ಎಫ್-ಕಪ್ಪಾ-ಬಿಯ ಒಂದು ಮುಖ್ಯ ಭಾಗವೇ ಇಲ್ಲದ ಇಲಿಗಳನ್ನು ಸೃಷ್ಟಿಸಿದಾಗ ಅವು ಗರ್ಭದಲ್ಲೇ ಲಿವರ್ ಕರಗಿ ಸತ್ತವು. ಟಿಎನ್‌ಎಫ್ ಜೀನನ್ನೂ ತೆಗೆದಾಗ ಆ ಲಿವರ್ ಉಳಿಯಿತು.

ನಿಮ್ಮ ಅಣ್ಣನ ಲಿವರ್‌ನಲ್ಲಿ ಗ್ಯಾಲಕ್ಟೋಸಮೈನ್ ಇಲ್ಲ, ಕೊಬ್ಬಿದೆ. ಟ್ರೈಗ್ಲಿಸರೈಡ್ ಹನಿಗಳಾಗಿ ಕೂತ ಕೊಬ್ಬು ಅಷ್ಟು ಕೇಡಿಯಲ್ಲ; ಬಿಡಿಯಾಗಿ ಓಡಾಡುವ ಪಾಮಿಟಿಕ್ ಆಮ್ಲದಂಥ ಕೊಬ್ಬಿನಾಮ್ಲಗಳು ಕೋಶದ ಪ್ರೋಟೀನ್ ಕಾರ್ಖಾನೆಗೆ ಒತ್ತಡ ತರುತ್ತವೆ, ಮೈಟೊಕಾಂಡ್ರಿಯದಿಂದ ಆಕ್ಸಿಜನ್‌ನ ಉಗ್ರ ರೂಪಗಳು ಸೋರುತ್ತವೆ. ಇಲ್ಲಿ ಜೆಎನ್‌ಕೆ ಎಂಬ ಕಿಣ್ವದ ಪಾತ್ರ ಬರುತ್ತದೆ. ಟಿಎನ್‌ಎಫ್ ಬಂದಾಗ ಜೆಎನ್‌ಕೆ ಎಲ್ಲ ಕೋಶದಲ್ಲೂ ಏಳುತ್ತದೆ. ಆರೋಗ್ಯವಾದ ಕೋಶದಲ್ಲಿ ಫಾಸ್ಫಟೇಸ್ ಎಂಬ ಬೇರೆ ಕಿಣ್ವಗಳು ಅದನ್ನು ಗಂಟೆಯೊಳಗೆ ಮಲಗಿಸುತ್ತವೆ. ಉಗ್ರ ಆಕ್ಸಿಜನ್ ಈ ಫಾಸ್ಫಟೇಸ್‌ಗಳನ್ನೇ ಕೆಡಿಸುತ್ತದೆ, ಆಗ ಜೆಎನ್‌ಕೆ ಗಂಟೆಗಟ್ಟಲೆ ಎದ್ದೇ ಇರುತ್ತದೆ. ಹಾಗೆ ಎದ್ದಿರುವ ಜೆಎನ್‌ಕೆ ಇಚ್ ಎಂಬ ಇನ್ನೊಂದು ಪ್ರೋಟೀನಿನ ಮೂಲಕ ಸಿ-ಫ್ಲಿಪ್ಪನ್ನು ಕಸದಬುಟ್ಟಿಗೆ ಕಳಿಸುತ್ತದೆ. ಬೀಗ ಕಳಚಿಬಿತ್ತು. ನಿನ್ನೆಯವರೆಗೂ ‘ಬದುಕು’ ಎಂದು ಕೇಳಿಸುತ್ತಿದ್ದ ಅದೇ ಟಿಎನ್‌ಎಫ್ ಇವತ್ತು ‘ಸಾಯಿ’ ಎಂದು ಕೇಳಿಸುತ್ತದೆ.

ಪ್ಯಾರಸಿಟಮಾಲ್ ಅತಿಯಾದಾಗ ಲಿವರ್ ಹಾಳಾಗುವುದರಲ್ಲೂ ಜೆಎನ್‌ಕೆ ಇದೆ. ಆ ಔಷಧದ ಒಂದಂಶ ಎನ್‌ಎಪಿಕ್ಯೂಐ ಎಂಬ ವಿಷವಾಗುತ್ತದೆ. ಕೋಶದ ವಿಷಹಾರಿ ಅಣುವಾದ ಗ್ಲುಟಾಥಯೋನ್ ಇರುವವರೆಗೆ ಅದನ್ನು ಅಲ್ಲಲ್ಲೇ ಕಟ್ಟಿಹಾಕುತ್ತದೆ. ಗ್ಲುಟಾಥಯೋನ್ ತೀರಿದರೆ ವಿಷ ಮೈಟೊಕಾಂಡ್ರಿಯಕ್ಕೆ ಅಂಟುತ್ತದೆ, ಜೆಎನ್‌ಕೆ ಅಲ್ಲಿಗೇ ಹೋಗಿ ಉರಿಯನ್ನು ಹೆಚ್ಚಿಸುತ್ತದೆ. ಇದಕ್ಕೆ ಪ್ರತಿವಿಷವಾದ ಎನ್-ಅಸಿಟೈಲ್‌ಸಿಸ್ಟೀನ್ ಮೊದಲ 8 ಗಂಟೆಯೊಳಗೆ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುವುದು ಗ್ಲುಟಾಥಯೋನ್ ಮತ್ತೆ ತುಂಬಿಸುವುದರಿಂದ. ಮನೆಯ ಮಟ್ಟಿಗೆ ತಿಳಿದಿರಬೇಕಾದ ಲೆಕ್ಕ: ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮಿತಿ, ಅಂದರೆ 650 ಮಿಲಿಗ್ರಾಂ ಮಾತ್ರೆ 6ಕ್ಕೆ ನಿಂತಿತು. ನೆಗಡಿಯ ಮಾತ್ರೆಯ ಒಳಗಿರುವ ಪ್ಯಾರಸಿಟಮಾಲನ್ನೂ ಈ ಲೆಕ್ಕಕ್ಕೆ ಸೇರಿಸಿ. ಜ್ವರದಲ್ಲಿ ಊಟ ಬಿಟ್ಟವರು, ದಿನವೂ ಕುಡಿಯುವವರು ಇನ್ನೂ ಕಡಿಮೆಯಲ್ಲೇ ನಿಲ್ಲಬೇಕು.

ಕೋಶ ಹೇಗೆ ಸತ್ತಿತು ಎಂಬುದೂ ಮುಖ್ಯ. ಅಚ್ಚುಕಟ್ಟಾಗಿ ಮುದುಡಿ ಸತ್ತರೆ ನೆರೆಯವರು ಸದ್ದಿಲ್ಲದೆ ನುಂಗುತ್ತಾರೆ. ಒಡೆದು ಸತ್ತರೆ ಒಳಗಿನ ಎಚ್‌ಎಂಜಿಬಿ1, ಮೈಟೊಕಾಂಡ್ರಿಯದ ಡಿಎನ್‌ಎ, ಎಟಿಪಿ ಹೊರಚೆಲ್ಲುತ್ತವೆ. ಒಳಗೆ ಇರಬೇಕಾದ್ದು ಹೊರಗೆ ಕಂಡಾಗ ಕುಪ್ಫರ್ ಕೋಶ ಅದನ್ನು ದಾಳಿ ಎಂದೇ ತಿಳಿಯುತ್ತದೆ. ಎನ್‌ಎಲ್‌ಆರ್‌ಪಿ3 ಎಂಬ ಯಂತ್ರ ಜೋಡಿಸಿಕೊಂಡು ಐಎಲ್-1 ಬೀಟಾ ಕತ್ತರಿಸಿ ಬಿಡುತ್ತದೆ, ರಕ್ತದಿಂದ ನ್ಯೂಟ್ರೋಫಿಲ್, ಮಾನೊಸೈಟ್ ಎಂಬ ಬಿಳಿ ರಕ್ತಕಣಗಳು ನುಗ್ಗುತ್ತವೆ. ಒಂದೇ ಒಂದು ರೋಗಾಣು ಇಲ್ಲದೆ ಉರಿಯೂತ. ನಿಮ್ಮ ಡಾಕ್ಟರು ಆಂಟಿಬಯಾಟಿಕ್ ಬರೆಯದೆ ಇದ್ದದ್ದು ಸರಿ.

ಐಎಲ್-6 ಬಗ್ಗೆ ಚಿಕ್ಕದಾಗಿ. ಇದು ಲಿವರ್ ಕೋಶಕ್ಕೆ ಜೆಎಕೆ-ಸ್ಟ್ಯಾಟ್3 ದಾರಿಯಲ್ಲಿ ಹೇಳುವುದು: ಸಿಆರ್‌ಪಿ (ಉರಿಯೂತದ ಸೂಚಕ ಪ್ರೋಟೀನ್) ಮಾಡು, ಹೆಪ್ಸಿಡಿನ್ (ಕಬ್ಬಿಣಾಂಶ ನಿಯಂತ್ರಿಸುವ ಹಾರ್ಮೋನ್) ಮಾಡು, ಆಲ್ಬುಮಿನ್ ಕಡಿಮೆ ಮಾಡು. ಹಾಗಾಗಿ ಸಿಆರ್‌ಪಿ ಏರಿದರೆ ದೇಹದಲ್ಲಿ ಎಲ್ಲೋ ಐಎಲ್-6 ಎದ್ದಿದೆ ಎಂದಷ್ಟೇ ಅರ್ಥ, ಲಿವರ್‌ನಲ್ಲೇ ಎಂದಲ್ಲ. ಲಿವರ್ ಪೂರಾ ಸೋತವರಲ್ಲಿ ಸಿಆರ್‌ಪಿ ಮಾಡಲು ಶಕ್ತಿಯೇ ಉಳಿಯದೆ ಸಂಖ್ಯೆ ಸೌಮ್ಯವಾಗಿ ಕಾಣುವುದೂ ಉಂಟು. ಐಎಲ್-6 ಕೆಟ್ಟದ್ದು ಎನ್ನುವವರು ಇನ್ನೊಂದನ್ನು ಗಮನಿಸಬೇಕು. ಇಲಿಯ ಲಿವರ್‌ನ ಮೂರರಲ್ಲಿ ಎರಡು ಪಾಲು ಕತ್ತರಿಸಿದರೆ ಒಂದು ವಾರ, ಹತ್ತು ದಿನದಲ್ಲಿ ಮತ್ತೆ ಅಷ್ಟೇ ಗಾತ್ರಕ್ಕೆ ಬೆಳೆಯುತ್ತದೆ. ಐಎಲ್-6 ಜೀನ್ ಇಲ್ಲದ ಇಲಿಗಳಲ್ಲಿ ಆ ಬೆಳವಣಿಗೆ ಹದಗೆಡುತ್ತದೆಂದು 1996ರಲ್ಲಿ ಗೊತ್ತಾಯಿತು. ಟಿಎನ್‌ಎಫ್‌ನ ಮೊದಲ ಗ್ರಾಹಕ ಇಲ್ಲದ ಇಲಿಗಳಲ್ಲೂ ಹಾಗೇ ಎಂದು ಮರುವರ್ಷ. ಗಾಯ ಮಾಡುವ ಮಾತೇ ಗಾಯ ಮಾಯಿಸಲೂ ಬೇಕು.

ಇನ್ನು ನಾರುಗಟ್ಟುವಿಕೆ, ಅಂದರೆ ಫೈಬ್ರೋಸಿಸ್. ಅಣ್ಣನ ಮುಂದಿನ ಇಪ್ಪತ್ತು ವರ್ಷವನ್ನು ಕೊಬ್ಬಿಗಿಂತ ಹೆಚ್ಚಾಗಿ ನಿರ್ಧರಿಸುವುದು ಇದು. ಲಿವರ್ ಕೋಶ ಮತ್ತು ರಕ್ತದಾರಿಯ ನಡುವಿನ ಸಂದಿಯಲ್ಲಿ ನಕ್ಷತ್ರ ಕೋಶಗಳಿವೆ. ಸುಮ್ಮನಿದ್ದಾಗ ವಿಟಮಿನ್ ಎ ಕೂಡಿಟ್ಟುಕೊಂಡು ಇರುತ್ತವೆ. (1876ರಲ್ಲಿ ವಿಜ್ಞಾನಿ ಕುಪ್ಫರ್ ಕಂಡದ್ದು ನಿಜಕ್ಕೂ ಈ ನಕ್ಷತ್ರ ಕೋಶಗಳನ್ನು, ಆಮೇಲೆ ಕಸ ನುಂಗುವ ಕೋಶದೊಂದಿಗೆ ಗೊಂದಲವಾಗಿ ಹೆಸರು ಅದಕ್ಕೆ ಅಂಟಿತು. 1971ರಲ್ಲಿ ಜಪಾನಿನ ಕೆಂಜಿರೊ ವಾಕೆ ಅದನ್ನು ಬಿಡಿಸಿದರು, ಹೆಸರು ಮಾತ್ರ ಹಾಗೇ ಉಳಿಯಿತು.) ಕುಪ್ಫರ್ ಕೋಶ ಬಿಡುವ ಟಿಜಿಎಫ್ ಬೀಟಾ ಎಂಬ ಸಂಕೇತ ಅಣು ನಕ್ಷತ್ರ ಕೋಶಗಳಿಗೆ ಮುಟ್ಟಿದರೆ ಸ್ಮ್ಯಾಡ್2, ಸ್ಮ್ಯಾಡ್3 ಎಂಬ ಪ್ರೋಟೀನುಗಳು ಕೋಶಕೇಂದ್ರಕ್ಕೆ ಹೋಗುತ್ತವೆ, ವಿಟಮಿನ್ ಎ ಖಾಲಿ, ನಾರಿನ ಪ್ರೋಟೀನಾದ ಕೊಲಾಜೆನ್ ಶುರು. ಪಿಡಿಜಿಎಫ್ ಎಂಬ ಇನ್ನೊಂದು ಅಣು ಅವುಗಳ ಸಂಖ್ಯೆ ಹೆಚ್ಚಿಸುತ್ತದೆ. ಕೆಣಕುವುದು ನಿಂತರೆ ಇವು ಹಿಂದಿರುಗಬಲ್ಲವು: ಇಲಿಗಳಲ್ಲಿ ನೋಡಿದಾಗ ಸುಮಾರು ಅರ್ಧ ಸಾಯುತ್ತವೆ, ಉಳಿದರ್ಧ ಮತ್ತೆ ಸುಮ್ಮನಾಗುತ್ತವೆ. ಆದರೆ ಹಾಗೆ ಸುಮ್ಮನಾದವು ಮುಂದಿನ ಸಲ ಬೇಗ ಕೆರಳುತ್ತವೆ. ತೂಕ ಇಳಿಸಿ ಮತ್ತೆ ಏರಿಸಿಕೊಳ್ಳುವುದನ್ನು ನಾನು ಹಗುರವಾಗಿ ನೋಡದಿರಲು ಇದೂ ಒಂದು ಕಾರಣ.

ಹಾಗಾದರೆ ಅಣುವನ್ನೇ ತಡೆಯಬಾರದೇಕೆ? ಪ್ರಯತ್ನ ಮಾಡದೆ ಬಿಟ್ಟಿಲ್ಲ. ಕುಡಿತದಿಂದ ಬರುವ ತೀವ್ರ ಹೆಪಟೈಟಿಸ್‌ನಲ್ಲಿ ಟಿಎನ್‌ಎಫ್ ತುಂಬಾ ಏರಿರುತ್ತದೆ. ಟಿಎನ್‌ಎಫ್ ಹಿಡಿದುಹಾಕುವ ಎಟನರ್‌ಸೆಪ್ಟನ್ನು 48 ರೋಗಿಗಳ ಪರೀಕ್ಷೆಯಲ್ಲಿ ಕೊಟ್ಟು ನೋಡಿದರು. ಫಲಿತಾಂಶ 2008ರಲ್ಲಿ ಬಂತು. 6 ತಿಂಗಳಲ್ಲಿ ಔಷಧ ಪಡೆದವರಲ್ಲಿ ಸತ್ತವರು ಶೇ 57.7, ಹುಸಿ ಔಷಧ ಪಡೆದವರಲ್ಲಿ ಶೇ 22.7. ಸೋಂಕು ತಡೆಯುವ ಮಾತೂ, ಲಿವರ್ ಮತ್ತೆ ಬೆಳೆಯುವ ಮಾತೂ ಅದೇ ಅಣುವಿನದು. ಬಾಯಿ ಕಟ್ಟಿದರೆ ಎಲ್ಲವೂ ಕಟ್ಟುತ್ತದೆ. ಕೊಬ್ಬಿನ ಲಿವರ್‌ನಲ್ಲಿ ಜೆಎನ್‌ಕೆಗಿಂತ ಎರಡು ಮೆಟ್ಟಿಲು ಮೇಲಿರುವ ಎಎಸ್‌ಕೆ1 ಕಿಣ್ವವನ್ನು ತಡೆಯುವ ಸೆಲೊನ್ಸರ್ಟಿಬ್ ದೊಡ್ಡ ಪರೀಕ್ಷೆಗಳಲ್ಲಿ 2019ರಲ್ಲಿ ಸೋತಿತು. ಕ್ಯಾಸ್ಪೇಸ್ ತಡೆಯುವ ಎಮ್ರಿಕಸಾನ್, ಮಾನೊಸೈಟ್ ಕರೆಯುವ ದಾರಿ ಮುಚ್ಚುವ ಸೆನಿಕ್ರಿವಿರಾಕ್ ಕೂಡ ನಿಲ್ಲಲಿಲ್ಲ. ಗೆದ್ದವು ಬೇರೆ ಬಗೆಯವು. ಅಮೆರಿಕದಲ್ಲಿ ಮಾರ್ಚ್ 2024ರಲ್ಲಿ ಒಪ್ಪಿಗೆ ಪಡೆದ ರೆಸ್ಮೆಟಿರಾಮ್ ಲಿವರ್ ಕೋಶ ತನ್ನ ಕೊಬ್ಬನ್ನು ಉರಿಸುವಂತೆ ಮಾಡುತ್ತದೆ. ಆಗಸ್ಟ್ 2025ರಲ್ಲಿ ಇದೇ ಕಾಯಿಲೆಗೆ ಒಪ್ಪಿಗೆ ಪಡೆದ ಸೆಮಾಗ್ಲುಟೈಡ್ ಹಸಿವು, ತೂಕ ಇಳಿಸುತ್ತದೆ. ಎರಡೂ ಕೂಗನ್ನು ಮುಟ್ಟಲಿಲ್ಲ, ಕೋಶದ ಮೇಲಿನ ಹೊರೆ ಇಳಿಸಿದವು.

ಅಣ್ಣನ ವರದಿಗೆ ಬರುತ್ತೇನೆ. ‘ಗ್ರೇಡ್ 2’ ಎಂಬುದು ಕೊಬ್ಬು ಎಷ್ಟು ಎಂದು ಹೇಳುತ್ತದೆ; ನಾರು ಎಷ್ಟು ಎಂದು ಹೇಳುವುದಿಲ್ಲ. ಎಎಲ್‌ಟಿ 70 ಎಂದರೆ ಒಂದಷ್ಟು ಕೋಶಗಳು ಸೋರುತ್ತಿವೆ ಅಥವಾ ಒಡೆಯುತ್ತಿವೆ. ಅದೂ ನಾರಿನ ಅಳತೆಯಲ್ಲ. ಎಎಲ್‌ಟಿ ನಾರ್ಮಲ್ ಇದ್ದೂ ಸಿರೋಸಿಸ್ (ನಾರುಗಟ್ಟುವಿಕೆಯ ಕೊನೆಯ ಹಂತ) ಇರುವವರಿದ್ದಾರೆ. ನಾರಿನ ಅಂದಾಜಿಗೆ ಫಿಬ್-4 ಲೆಕ್ಕ ಹಾಕಿ, ಖರ್ಚಿಲ್ಲದ್ದು. ವಯಸ್ಸು ಗುಣಿಸು ಎಎಸ್‌ಟಿ: 52 × 48 = 2496. ಪ್ಲೇಟ್‌ಲೆಟ್ಟನ್ನು ಸಾವಿರದ ಲೆಕ್ಕದಲ್ಲಿ 210 ಎಂದು ತೆಗೆದುಕೊಂಡು ಎಎಲ್‌ಟಿಯ ವರ್ಗಮೂಲದಿಂದ ಗುಣಿಸಿ: 210 × 8.37 = ಸುಮಾರು 1757. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 1.42. 1.3ಕ್ಕಿಂತ ಕಡಿಮೆ ಇದ್ದರೆ ಹೆಚ್ಚಿನ ನಾರು ಇರುವ ಸಾಧ್ಯತೆ ಕಡಿಮೆ, 2.67 ದಾಟಿದರೆ ಜಾಸ್ತಿ. (65 ದಾಟಿದವರಿಗೆ ಕೆಳಗಿನ ಗಡಿ 2.0.) ಅಣ್ಣ ನಡುವೆ ಸಿಕ್ಕಿಕೊಂಡಿದ್ದಾರೆ, ಸಕ್ಕರೆ ಕಾಯಿಲೆ ಬೇರೆ ಇದೆ. ಆದ್ದರಿಂದ ಟಿಎನ್‌ಎಫ್‌ಗೆ ಎತ್ತಿಟ್ಟ ದುಡ್ಡನ್ನು ಲಿವರ್ ಎಷ್ಟು ಗಡುಸಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್‌ಗೆ ಹಾಕಿ. ಹೋಗುವ ಮೊದಲು ಕನಿಷ್ಠ 3 ಗಂಟೆ ಏನೂ ತಿನ್ನಬಾರದು. ತಿಂಡಿ ಮುಗಿಸಿ ಹೋದರೆ ಲಿವರ್‌ಗೆ ರಕ್ತ ಜಾಸ್ತಿ ಹರಿದು ಸಂಖ್ಯೆ ಸುಳ್ಳೇ ಏರುತ್ತದೆ. 8 ಕಿಲೊಪ್ಯಾಸ್ಕಲ್‌ಗಿಂತ ಕಡಿಮೆ ಬಂದರೆ ಸಮಾಧಾನ. ಹೆಚ್ಚಾದರೆ ಲಿವರ್ ತಜ್ಞರ ಬಳಿ ಹೋಗಬೇಕು. ಹೆಪಟೈಟಿಸ್ ಬಿ, ಸಿ ವೈರಸ್‌ಗಳಿಗಾಗಿ ಎಚ್‌ಬಿಎಸ್‌ಎಜಿ, ಎಚ್‌ಸಿವಿ ಪರೀಕ್ಷೆ ಆಗಿರದಿದ್ದರೆ ಒಮ್ಮೆ ಮಾಡಿಸಿ. ಕೊಲೆಸ್ಟರಾಲ್‌ಗೆ ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದರೆ ಈ ಎಎಲ್‌ಟಿ ನೋಡಿ ನೀವಾಗಿ ನಿಲ್ಲಿಸಬೇಡಿ.

ತೂಕದ ಲೆಕ್ಕ: ಶೇ 5 ಇಳಿದರೆ ಕೊಬ್ಬು ಕರಗುತ್ತದೆ, ಶೇ 7 ಇಳಿದರೆ ಉರಿಯೂತ ತಗ್ಗುವ ಸಾಧ್ಯತೆ ಚೆನ್ನಾಗಿದೆ, ಶೇ 10 ಇಳಿದವರಲ್ಲಿ ಹಲವರಿಗೆ ನಾರೂ ಹಿಂದೆ ಸರಿಯುತ್ತದೆ. ಅಣ್ಣನ 82 ಕಿಲೊಗೆ ಇದು ಸುಮಾರು 4, 6, 8 ಕಿಲೊ. 6ರಿಂದ 9 ತಿಂಗಳು ತೆಗೆದುಕೊಳ್ಳಲಿ. ಉಪವಾಸ ಬಿದ್ದು ಒಂದೇ ಸಮನೆ ಇಳಿಸಿದರೆ ಬೊಜ್ಜಿನಿಂದ ಬಿಡಿ ಕೊಬ್ಬಿನಾಮ್ಲಗಳ ಪ್ರವಾಹವೇ ಲಿವರ್‌ಗೆ ಬರುತ್ತದೆ, ಮೇಲೆ ಹೇಳಿದ ಜೆಎನ್‌ಕೆ ಕತೆ ಮತ್ತೆ ಶುರು. ಮೊದಲು ಬಿಡಬೇಕಾದ್ದು ತಂಪು ಪಾನೀಯ, ಸಕ್ಕರೆ ಹಾಕಿದ ಜ್ಯೂಸ್. ಫ್ರಕ್ಟೋಸ್ ಲಿವರ್‌ನಲ್ಲೇ ನೇರ ಕೊಬ್ಬಾಗುತ್ತದೆ. ಮುದ್ದೆಯಾದರೆ ಎಷ್ಟು ಬೇಕಾದರೂ ಉಣ್ಣಬಹುದು ಎಂಬ ನಂಬಿಕೆ ನಮ್ಮ ಕಡೆ ಇದೆ. ಅದೂ ಪಿಷ್ಟವೇ, ಗಾತ್ರ ಇಳಿಯಲಿ. ಫಿಲ್ಟರ್ ಕಾಫಿ ಬಿಡಬೇಕಿಲ್ಲ. ಕಾಫಿ ಕುಡಿಯುವವರಲ್ಲಿ ನಾರು ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ, ಆದರೆ ಆ ಲಾಭ ಎರಡು ಚಮಚ ಸಕ್ಕರೆಯಲ್ಲಿ ಕರಗಿಹೋಗುತ್ತದೆ. ಸಕ್ಕರೆ ಕಾಯಿಲೆಯ ಔಷಧ ಬದಲಿಸುವ ಸಂದರ್ಭ ಬಂದರೆ ಪಿಯೊಗ್ಲಿಟಜೋನ್ ಅಥವಾ ಸೆಮಾಗ್ಲುಟೈಡ್ ಹೊಂದುತ್ತದೆಯೇ ಎಂದು ಡಾಕ್ಟರನ್ನು ಕೇಳಿ. ಹೃದಯ ದುರ್ಬಲ ಇರುವವರಿಗೆ ಪಿಯೊಗ್ಲಿಟಜೋನ್ ಆಗದು.

ಕೊನೆಗೆ ಆ ಕ್ಯಾಪ್ಸೂಲ್. ಪಾತ್ರೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಕರ್ಕ್ಯುಮಿನ್ ಎನ್‌ಎಫ್-ಕಪ್ಪಾ-ಬಿ ತಗ್ಗಿಸುವುದು ನಿಜ. ಆದರೆ ಎನ್‌ಎಫ್-ಕಪ್ಪಾ-ಬಿಯೇ ಲಿವರ್ ಕೋಶದ ಕಾವಲುಗಾರ ಎಂದು ಈಗಷ್ಟೇ ನೋಡಿದೆವು. ಅದು ತಗ್ಗಿದರೆ ಒಳ್ಳೆಯದೇ ಎನ್ನಲು ಬರುವುದಿಲ್ಲ. ಅಡುಗೆಯ ಅರಿಶಿನದಿಂದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಅಪರೂಪ. ಕ್ಯಾಪ್ಸೂಲ್ ಮಾಡುವವರು ಕಾಳುಮೆಣಸಿನ ಪೈಪರಿನ್ ಸೇರಿಸಿ ಅದು ಹೆಚ್ಚು ಒಳಗೆ ಹೋಗುವಂತೆ ಮಾಡುತ್ತಾರೆ. ಅಮೆರಿಕದ ಔಷಧಜನ್ಯ ಲಿವರ್ ಗಾಯಗಳ ಅಧ್ಯಯನ ಜಾಲ ಅರಿಶಿನದ ಪೂರಕಗಳಿಂದಾದ 10 ಪ್ರಕರಣಗಳನ್ನು ವರದಿ ಮಾಡಿದೆ: 5 ಜನ ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು, 7 ಜನರಲ್ಲಿ ಎಚ್‌ಎಲ್‌ಎ-ಬಿ*35:01 ಎಂಬ ಒಂದೇ ಜೀನ್ ರೂಪ ಇತ್ತು. ಅಂದರೆ ಎಲ್ಲರಿಗೂ ಅಪಾಯವಿಲ್ಲ. ಯಾರಿಗೆ ಎಂದು ಮೊದಲೇ ತಿಳಿಯುವ ದಾರಿ ಮನೆಯಲ್ಲಿಲ್ಲ. ‘ಇಮ್ಯುನಿಟಿ’ಗೆಂದು ಅಮೃತಬಳ್ಳಿ ಕಷಾಯವೂ ನಡೆಯುತ್ತಿದ್ದರೆ ಅದನ್ನೂ ಬಿಡಿ. 2021ರಲ್ಲಿ ಮುಂಬಯಿಯಿಂದ ಅದರೊಂದಿಗೆ ನಂಟಿದ್ದ 6 ಜನರ ಲಿವರ್ ಉರಿಯೂತ ವರದಿಯಾಯಿತು, ಆಮೇಲೆ ಬೇರೆ ಊರುಗಳಿಂದಲೂ ಬಂತು. ಆಯುಷ್ ಸಚಿವಾಲಯ ಈ ನಂಟನ್ನು ಒಪ್ಪಲಿಲ್ಲ. ಲಿವರ್ ಈಗಾಗಲೇ ಸೋರುತ್ತಿರುವವರ ಮನೆಯಲ್ಲಿ ಆ ಜಗಳ ತೀರುವವರೆಗೆ ಕಾಯಬೇಕಿಲ್ಲ.

ಒಂದು ತೊಡಕು ಉಳಿಯಿತು. ಸ್ಕ್ಯಾನಿಂಗ್ ಕ್ಯಾಪ್ಸೂಲ್‌ಗಿಂತ ಮೊದಲಿನದು, ರಕ್ತಪರೀಕ್ಷೆ ಆಮೇಲಿನದು. ಹಾಗಾಗಿ 70ರಲ್ಲಿ ಕೊಬ್ಬಿನ ಪಾಲೆಷ್ಟು, ಕ್ಯಾಪ್ಸೂಲಿನ ಪಾಲೆಷ್ಟು ಎಂದು ಈಗ ಹೇಳಲಾಗದು. ಹಳೆಯ ಎಎಲ್‌ಟಿ ವರದಿ ಇದ್ದರೆ ಹುಡುಕಿ. ರಕ್ತಕ್ಕೆ ಬಂದ ಎಎಲ್‌ಟಿ ಎರಡು ದಿನಕ್ಕೆ ಅರ್ಧದಷ್ಟಾಗುತ್ತದೆ, ಹಾಗಾಗಿ ಸೋರುವುದು ನಿಂತರೆ ಸಂಖ್ಯೆ ಬಹಳ ಕಾಲ ಮೇಲೆ ನಿಲ್ಲುವುದಿಲ್ಲ. ಕ್ಯಾಪ್ಸೂಲ್ ನಿಲ್ಲಿಸಿ 4ರಿಂದ 6 ವಾರದ ಮೇಲೆ ಎಎಲ್‌ಟಿ, ಎಎಸ್‌ಟಿ, ಬಿಲಿರುಬಿನ್ ಮತ್ತೆ ನೋಡಿ. ಆ ನಡುವೆ ಹೊಸ ಪೂರಕ, ಕಷಾಯ ಯಾವುದೂ ಬೇಡ, ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ. ಅಷ್ಟರೊಳಗೆ ಕಣ್ಣು ಹಳದಿಯಾದರೆ, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ, ವಾಂತಿಯೊಂದಿಗೆ ಊಟ ಸೇರದೆ ಹೋದರೆ, ಮಾತು ಅಥವಾ ನಡೆ ಮಂಕಾದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ, ಕ್ಯಾಪ್ಸೂಲಿನ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.